ಬಿಡಿಸಿದ ಒಂದು ತಂತಿ

ವಿದ್ಯುತ್ ಬೈಕು ಕೊಂಡ ನನ್ನ ಅಣ್ಣನ ಮಗ ವಾರದೊಳಗೇ ಬೇಸತ್ತ. “ಚಿಕ್ಕಪ್ಪಾ, ಸೈಕಲ್ಲಿನವರೂ ನನ್ನನ್ನು ಹಿಂದೆ ಹಾಕುತ್ತಾರೆ” ಎಂದ. ಅತಿಶಯೋಕ್ತಿ, ನಿಜ. ಆದರೆ ಆ ಮಂದಗತಿಯೇ ಆ ಗಾಡಿಯ ಪುಣ್ಯ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಮೋಟಾರಿನ ಬಲ 250 ವಾಟಿಗಿಂತಲೂ ವೇಗ ಗಂಟೆಗೆ 25 ಕಿಲೋಮೀಟರಿಗಿಂತಲೂ ಕಡಿಮೆಯಿದ್ದು, ಪುಣೆಯ ಎ.ಆರ್.ಎ.ಐ.ಯಂತಹ ಸಂಸ್ಥೆ ಆ ಮಾದರಿಯನ್ನು ಪರೀಕ್ಷಿಸಿ ಒಪ್ಪಿದ್ದರೆ, ಅದು ಮೋಟಾರು ವಾಹನವೇ ಅಲ್ಲ. ತೂಕ, ಬ್ರೇಕುಗಳ ಷರತ್ತೂ ಉಂಟೆನ್ನಿ. ನೋಂದಣಿ ಬೇಡ, ಲೈಸೆನ್ಸೂ ಬೇಡ.

ಮುಂದಿನ ಸಲ ಬಂದಾಗ ಗಾಡಿ ಗಾಳಿಯಾಗಿತ್ತು. ಮೆಕ್ಯಾನಿಕ್ಕು ಕಂಟ್ರೋಲರಿನ ಒಂದು ತಂತಿ ಬಿಡಿಸಿದನಂತೆ. ಅಷ್ಟೇ! ಆ ಕ್ಷಣದಿಂದ ಅದು ನೋಂದಣಿಯಿಲ್ಲದ, ವಿಮೆಯಿಲ್ಲದ ಮೋಟಾರು ವಾಹನ. ವೇಗ ಇಮ್ಮಡಿಸಿದರೆ ಬ್ರೇಕು ತಡೆಯಬೇಕಾದ ಚಲನಶಕ್ತಿ ನಾಲ್ಮಡಿಸುತ್ತದೆ. ಬ್ರೇಕು ಮಾತ್ರ ಹಳೆಯದೇ.

ಇನ್ನು ದೊಡ್ಡ ಬ್ಯಾಟರಿಯೊಂದನ್ನು ಅಗ್ಗದಲ್ಲಿ ಜೋಡಿಸಿಕೊಡುವ ಮಾತೂ ನಡೆದಿತ್ತು. ನನಗೆ ಎದೆ ಝಲ್ಲೆಂದದ್ದು ಅಲ್ಲಿ. 2022ರಲ್ಲಿ ವಿದ್ಯುತ್ ಸ್ಕೂಟರುಗಳು ಒಂದರ ಹಿಂದೊಂದು ಹೊತ್ತಿಕೊಂಡ ಮೇಲೆ ಸರಕಾರ ಬ್ಯಾಟರಿಗಳ ಪರೀಕ್ಷೆಯನ್ನು ಬಿಗಿಗೊಳಿಸಿತು. ಒಂದು ಕೋಶ ಕಾದು ಕೆರಳಿದರೆ ಮಿಕ್ಕವು ಹೇಗೆ ವರ್ತಿಸುತ್ತವೆಂದು ಈಗ ನೋಡುತ್ತಾರೆ. ಹಳೆಯ ಕೋಶಗಳನ್ನು ಅಂಗಡಿಯಲ್ಲಿ ಬೆಸೆದು ಕಟ್ಟಿದ ಪೆಟ್ಟಿಗೆಯನ್ನು ಯಾರು ನೋಡಿದ್ದಾರೆ? ರಾತ್ರಿ ಅದು ಚಾರ್ಜಾಗುವುದು ನಾವು ಮಲಗುವ ಕೋಣೆಯ ಗೋಡೆಯಾಚೆ.

“ತಂತಿ ಮತ್ತೆ ಕೂಡಿಸುವವರೆಗೆ ನಮ್ಮ ಮನೆಯ ಪ್ಲಗ್ಗು ಮುಟ್ಟಬೇಡ” ಎಂದೆ. ನಕ್ಕ. ಈಗ ಬೇರೆಲ್ಲೋ ಚಾರ್ಜು ಮಾಡಿಕೊಳ್ಳುತ್ತಾನೆ.