ಪಾಯಾದ ಪಾತ್ರೆ ಮತ್ತು ಸುಟ್ಟಗಾಯದ ಹಾಳೆ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಉರ್ದು, ಕನ್ನಡ ಕಲಿಸುವ ಮಾಸ್ತರನಿಗೆ ವಿಜ್ಞಾನದ ಮಾತೇಕೆ ಎಂದು ನೀವು ಕೇಳಬಹುದು. ಅದಕ್ಕೆ ಕಾರಣ ನಮ್ಮ ಓಣಿಯ ಒಬ್ಬ ತಂದೆ. ಮಗಳ ಕೈಮೇಲೆ ಬಿಸಿನೀರು ಬಿದ್ದು ಸುಟ್ಟಿತ್ತು. ಗಾಯಕ್ಕೆ ಕೊಲಾಜೆನ್ ಹಾಳೆ ಹಾಕುತ್ತೇವೆಂದು ವೈದ್ಯರು ಹೇಳಿದ್ದರು. "ಮಾಸ್ಟರ್ ಸಾಬ್, ಅದು ಯಾವ ಪ್ರಾಣಿಯದು?" ಎಂದು ಅವರು ಕೇಳಿದರು. ನನಗೆ ಗೊತ್ತಿರಲಿಲ್ಲ. ನಾಚಿಕೆಯಾಯಿತು, ಓದತೊಡಗಿದೆ.

ಕೊಲಾಜೆನ್ ನಮಗೆ ಹೊಸದಲ್ಲ. ರಾತ್ರಿ ಉಳಿದ ಪಾಯಾ ಬೆಳಿಗ್ಗೆ ಪಾತ್ರೆಯಲ್ಲಿ ಗಟ್ಟಿಯಾಗಿ ಅಲುಗಾಡುವುದನ್ನು ಎಲ್ಲರೂ ಕಂಡಿದ್ದೀರಿ. ಚರ್ಮ, ಮೂಳೆ, ಸ್ನಾಯುರಜ್ಜುಗಳನ್ನು ಬಿಗಿಯಾಗಿ ಹಿಡಿದಿರುವ ಪ್ರೋಟೀನ್ ಇದು. ನಮ್ಮ ದೇಹದ ಪ್ರೋಟೀನಿನಲ್ಲಿ ಸುಮಾರು ಶೇ. 30ರಷ್ಟು ಇದೇ ಇದೆ. ಮೂರು ಎಳೆಗಳನ್ನು ಹೊಸೆದ ಹಗ್ಗದಂತಿದೆ ಇದರ ರಚನೆ. ಅದನ್ನು 1954ರಲ್ಲಿ ಲೋಕದ ಮುಂದಿಟ್ಟವರು ಮದ್ರಾಸ್ ವಿಶ್ವವಿದ್ಯಾಲಯದ ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ. ಅವರು ಪರೀಕ್ಷಿಸಿದ್ದು ಕಾಂಗರೂ ಬಾಲದ ಸ್ನಾಯುರಜ್ಜುವನ್ನು! ರಾಮಚಂದ್ರನ್ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು, ಮುಂದೆ ಅಲ್ಲಿಯೇ ಪ್ರಾಧ್ಯಾಪಕರಾದವರು.

ಕುದಿಸಿದರೆ ಈ ಹಗ್ಗ ಬಿಚ್ಚಿಕೊಂಡು ಜೆಲಾಟಿನ್ ಆಗುತ್ತದೆ. ಪಾಯಾಕ್ಕೆ ಅದು ಸರಿ. ಗಾಯದ ಹಾಳೆಗೆ ಹೊಸೆತ ಉಳಿಯಬೇಕು. ಆದ್ದರಿಂದ ಪ್ರಯೋಗಾಲಯದಲ್ಲಿ ಒಲೆಗೆ ಕೆಲಸವಿಲ್ಲ, ಎಲ್ಲವೂ ಸಾಮಾನ್ಯವಾಗಿ 4 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲೇ ನಡೆಯುತ್ತದೆ. ಚರ್ಮದ ಕೂದಲು, ಕೊಬ್ಬು ತೆಗೆದು, ಸಣ್ಣಗೆ ಕತ್ತರಿಸಿ, ತೆಳು ಕ್ಷಾರದಲ್ಲಿ ನೆನೆಸಿ ಬೇರೆ ಪ್ರೋಟೀನುಗಳನ್ನು ಕಳೆಯುತ್ತಾರೆ. ನಂತರ ಅಸಿಟಿಕ್ ಆಮ್ಲದಲ್ಲಿ (ವಿನೆಗರ್‌ನ ಹುಳಿ ಅದರದೇ) ಪೆಪ್ಸಿನ್ ಎಂಬ ಕಿಣ್ವ ಬೆರೆಸಿ ಒಂದೆರಡು ದಿನ ಕಲಕುತ್ತಾರೆ. ಪೆಪ್ಸಿನ್ ಹಗ್ಗದ ತುದಿಯ ಸಡಿಲ ಎಳೆಗಳನ್ನಷ್ಟೇ ಕತ್ತರಿಸುತ್ತದೆ, ಹೊಸೆದ ಭಾಗ ಅದಕ್ಕೆ ಬಗ್ಗುವುದಿಲ್ಲ. ರೋಗಿಯ ದೇಹ ಇದನ್ನು ಪರಕೀಯವೆಂದು ತಿರಸ್ಕರಿಸುವ ಸಂಭವವೂ ಇದರಿಂದ ತಗ್ಗುತ್ತದೆ. ಉಪ್ಪು ಹಾಕಿದಾಗ ಕೊಲಾಜೆನ್ ದ್ರಾವಣದಿಂದ ಬೇರ್ಪಡುತ್ತದೆ. ಆಮೇಲೆ ಉಪ್ಪು ಕಳೆದು, ಹೆಪ್ಪುಗಟ್ಟಿಸಿ ಒಣಗಿಸಿದರೆ ಬಿಳಿಯ ಸ್ಪಂಜು ಸಿಗುತ್ತದೆ.

ಸಿಕ್ಕಿದ್ದು ಕೊಲಾಜೆನ್ನೇ ಎಂದು ತಿಳಿಯುವುದು ಹೇಗೆ? ಹೈಡ್ರಾಕ್ಸಿಪ್ರೋಲಿನ್ ಎಂಬ ಅಮೈನೋ ಆಮ್ಲ ಬೇರೆ ಪ್ರೋಟೀನುಗಳಲ್ಲಿ ಬಹಳ ವಿರಳ; ಅದನ್ನು ಅಳೆಯುತ್ತಾರೆ. ನಿಧಾನವಾಗಿ ಬಿಸಿ ಮಾಡಿ, ಹೊಸೆತ ಎಷ್ಟು ಡಿಗ್ರಿಯಲ್ಲಿ ಬಿಚ್ಚುತ್ತದೆಂದು ನೋಡುತ್ತಾರೆ. ತಣ್ಣೀರಿನ ಮೀನಿನ ಕೊಲಾಜೆನ್ ನಮ್ಮ 37 ಡಿಗ್ರಿ ಮೈಬಿಸಿಗಿಂತ ಮೊದಲೇ ಬಿಚ್ಚಿಕೊಳ್ಳುತ್ತದೆ. ಅದನ್ನು ಬಳಸಬೇಕಾದರೆ ಎಳೆಗಳ ನಡುವೆ ರಾಸಾಯನಿಕವಾಗಿ ಬೆಸುಗೆ ಹಾಕಬೇಕು.

ದನ, ಹಂದಿ, ಮೀನು, ಮೂರರಿಂದಲೂ ಕೊಲಾಜೆನ್ ತೆಗೆಯುತ್ತಾರೆ. ನಮಗೆ ಹಂದಿ ಬೇಡ, ನೆರೆಮನೆಯವರಿಗೆ ಹಸು ಬೇಡ. ಹಾಗಾಗಿ ಈ ಪ್ರಶ್ನೆ ನಮ್ಮದೊಬ್ಬರದೇ ಅಲ್ಲ. ಆದರೆ ಇನ್ನೊಂದು ಸಂಗತಿ ಇದೆ. ಚರ್ಮ ದನದ್ದೇ ಆಗಿರಲಿ, ಮೀನಿನದೇ ಆಗಿರಲಿ, ಬಳಸುವ ಪೆಪ್ಸಿನ್ ಸಾಮಾನ್ಯವಾಗಿ ಹಂದಿಯ ಜಠರದಿಂದ ತೆಗೆದದ್ದು. ಕೊನೆಗೆ ಅದನ್ನು ತೊಳೆದು ಕಳೆಯುತ್ತಾರೆ, ನಿಜ. ಇದರ ಹುಕುಂ ಏನು, ಚಿಕಿತ್ಸೆಯ ಅನಿವಾರ್ಯತೆಯಲ್ಲಿ ಏನು ಮಾಡಬೇಕು ಎಂದು ಹೇಳಬೇಕಾದವರು ಆಲಿಮರು, ನಾನಲ್ಲ. ಆದರೆ ಅವರ ಮುಂದೆ ಪ್ರಶ್ನೆಯನ್ನು ಸರಿಯಾಗಿ ಇಡಲು ಈ ಹಂತಗಳನ್ನು ಬಲ್ಲ ನಮ್ಮ ಹುಡುಗ ಹುಡುಗಿಯರು ಬೇಕಲ್ಲವೇ?

ಮುಂದಿನ ಸಲ ಆ ತಂದೆ ಖಾಲಿ ಪೊಟ್ಟಣವನ್ನೇ ತಂದು ತೋರಿಸಿದರು. 'ಬೋವೈನ್' ಎಂದು ಅಚ್ಚಾಗಿತ್ತು. ದನದ್ದು ಎಂದೆ. ಅವರು "ಅಲ್‌ಹಮ್ದುಲಿಲ್ಲಾಹ್" ಎಂದು ಸಮಾಧಾನಪಟ್ಟರು. ಪೆಪ್ಸಿನ್ ಎಲ್ಲಿಯದೆಂದು ಅದರ ಮೇಲೆ ಇರಲಿಲ್ಲ. ತಯಾರಕರಿಗೆ ಪತ್ರ ಬರೆದಿದ್ದೇನೆ, ಉತ್ತರ ಇನ್ನೂ ಬಂದಿಲ್ಲ.