ಗರ್ಭಿಣಿಯರ ಸೊಂಟದ ಕೀಲುನೋವು



ಬಸುರಿಯ ಸೊಂಟನೋವನ್ನು ‘ಎಲ್ಲರಿಗೂ ಬರುವುದೇ’ ಎಂದು ಕಡೆಗಣಿಸುವುದು ಅನೇಕ ಮನೆಗಳಲ್ಲಿ ವಾಡಿಕೆ. ಆದರೆ ಈ ನೋವಿಗೆ ಕಾರಣವೂ ಉಂಟು, ಪರಿಹಾರವೂ ಉಂಟು.

ಬೆನ್ನೆಲುಬಿನ ಬುಡದ ತ್ರಿಕೋನಾಕಾರದ ಮೂಳೆಯು ಎಡಬಲಗಳಲ್ಲಿ ಸೊಂಟದ ಮೂಳೆಗಳನ್ನು ಕೂಡುವಲ್ಲಿ 2 ಕೀಲುಗಳಿವೆ. ದೇಹದ ಮೇಲ್ಭಾಗದ ಭಾರವನ್ನು ಕಾಲುಗಳಿಗೆ ದಾಟಿಸುವುದು ಇವುಗಳ ಕೆಲಸ. ಗರ್ಭಕಾಲದಲ್ಲಿ ಇವನ್ನು ಬಿಗಿದಿರುವ ಕಟ್ಟುಗಳು ಸಡಿಲಗೊಳ್ಳುತ್ತವೆ, ಭಾರವೂ ಹೆಚ್ಚುತ್ತದೆ. ಆಗ ಪೃಷ್ಠದ ಒಂದು ಅಥವಾ ಎರಡೂ ಬದಿಗಳಲ್ಲಿ ನೋವು ಕಾಣಿಸಿಕೊಂಡು ತೊಡೆಗೂ ಇಳಿಯಬಹುದು. ಮಗ್ಗುಲು ಬದಲಿಸುವಾಗ, ಮೆಟ್ಟಿಲೇರುವಾಗ ಅದು ಹೆಚ್ಚುತ್ತದೆ. ಇದರಿಂದ ಶಿಶುವಿಗೆ ಅಪಾಯವಿಲ್ಲ. ಹೆರಿಗೆಯಾದ ಕೆಲವು ತಿಂಗಳುಗಳಲ್ಲಿ ಬಹುಮಂದಿಗೆ ಗುಣವಾಗುತ್ತದೆ.

ಮೊಣಕಾಲುಗಳ ನಡುವೆ ದಿಂಬನ್ನಾಗಲಿ ಮಡಿಸಿದ ಕಂಬಳಿಯನ್ನಾಗಲಿ ಇಟ್ಟು ಮಗ್ಗುಲಾಗಿ ಮಲಗಬೇಕು. ಹೊರಳುವಾಗ ಮೊಣಕಾಲುಗಳನ್ನು ಜೋಡಿಸಿಕೊಂಡಿರಬೇಕು. ನೀರಿನ ಕೊಡವನ್ನು ಸೊಂಟದ ಮೇಲೆ ಹೊರಬಾರದು. ಸದಾ ಮಲಗಿರುವುದೂ ತರವಲ್ಲ. ನಡುನಡುವೆ ವಿಶ್ರಮಿಸುತ್ತ ಮೆಲ್ಲನೆ ನಡೆದಾಡಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕಂಡರೆ ತಕ್ಕ ವ್ಯಾಯಾಮವನ್ನೂ ಅಗತ್ಯವಿದ್ದಲ್ಲಿ ಸೊಂಟಪಟ್ಟಿಯನ್ನೂ ಸೂಚಿಸುವರು. ಅಂಗಡಿಯಿಂದ ನೋವಿನ ಗುಳಿಗೆ ತಂದು ನುಂಗಬಾರದು. ಅವುಗಳಲ್ಲಿ ಕೆಲವು ಗರ್ಭಸ್ಥ ಶಿಶುವಿಗೆ ಹಾನಿಕರ.

ರಕ್ತಸ್ರಾವ, ಗರ್ಭದ ನೀರು ಹೋಗುವುದು, ಬಿಟ್ಟುಬಿಟ್ಟು ಬರುವ ಹೊಟ್ಟೆನೋವು, ಜ್ವರ, ಕಾಲಿನ ಬಲ ಕುಂದುವುದು, ಮೂತ್ರ ಕಟ್ಟುವುದು—ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿರಿ.

ಸೋದರರೇ, ನೀರು, ಸೌದೆ, ಮೇವಿನ ಹೊರೆಗಳನ್ನು ಈ ತಿಂಗಳುಗಳಲ್ಲಿ ನೀವೇ ಹೊರಿರಿ. ಯಾವ ಔಷಧಿಯೂ ಈ ನೆರವಿನ ಸ್ಥಾನವನ್ನು ತುಂಬಲಾರದು.