ಸಾಲ ಸಣ್ಣದು, ಲೆಕ್ಕ ದೊಡ್ಡದು
(ಪರೇಲ್‌ನಲ್ಲಿ ಮಹಿಳಾ ವಿಭಾಗದ ಕಾರ್ಯಕ್ರಮದಲ್ಲಿ ಮಾಡಿದ ಭಾಷಣ)



ಮಹಿಳೆಯರ ಆರ್ಥಿಕ ಸ್ವಾವಲಂಬನೆಯ ಬಗ್ಗೆ ಮಾತಾಡಬೇಕು ಎಂದು ನಮ್ಮ ಕಾರ್ಯದರ್ಶಿಯವರು ಹೇಳಿದರು. ವಿಷಯ ಬಹಳ ದೊಡ್ಡದು. ಹಾಗಾಗಿ ನಾನು ಅದನ್ನು ಒಂದು ಸಣ್ಣ ಅಂಗಡಿಯೊಳಗೆ ತಂದು ಇಡುತ್ತೇನೆ: ಊರಿನ ಒಂದು ಜೀನಸಿನ ಅಂಗಡಿ, ಅದನ್ನು ಬೆಳೆಸಲು ತೆಗೆದ ಒಂದು ಸಣ್ಣ ಸಾಲ. ನಾನು ಬ್ಯಾಂಕಿನವಳಲ್ಲ, ಕಂಪ್ಯೂಟರ್ ಕೆಲಸದವಳು. ಆದರೆ ಇಲ್ಲಿ ಕುಳಿತಿರುವ ಹೆಚ್ಚಿನವರಿಗೆ ಬರುವ ಫೋನ್ ನನಗೂ ಬರುತ್ತದೆ. "ಸಂಘದಲ್ಲಿ ಸಾಲ ಕೊಡ್ತಾರಂತೆ, ತೆಗೊಳ್ಳುವುದಾ ಬೇಡವಾ, ನೀನು ಕಲಿತವಳು, ಹೇಳು" ಎಂದು ಊರಿನಿಂದ ಕೇಳುತ್ತಾರೆ. ಮುಂಬಯಿಯಲ್ಲಿರುವ ನಾವು ಹೇಳಿದ ಮಾತಿಗೆ ಊರಿನಲ್ಲಿ ಬೆಲೆ ಉಂಟು. ಆದ್ದರಿಂದ ಸರಿಯಾಗಿ ತಿಳಿದು ಹೇಳಬೇಕು.

ನಾವು ಸೇರಿರುವ ಈ ಪರೇಲ್‌ನಿಂದಲೇ ಆರಂಭಿಸುತ್ತೇನೆ. ಇದು ಬಟ್ಟೆ ಗಿರಣಿಗಳ ಊರಾಗಿತ್ತು. ಇಂದು ಗಾಜಿನ ಕಟ್ಟಡಗಳಿರುವ ಜಾಗದಲ್ಲಿ ಆಗ ಭೋಂಗಾ ಕೂಗುತ್ತಿತ್ತು. ಕುಟುಂಬವನ್ನು ಊರಿನಲ್ಲಿ ಬಿಟ್ಟು ಬಂದ ಕಾರ್ಮಿಕರಿಗೆ ಚಾಳಿನ ಒಂದು ಕೋಣೆಯಲ್ಲಿ ಅಡುಗೆ ಮಾಡಿ ಬಡಿಸುತ್ತಿದ್ದವರು ಖಾನಾವಳಿಯ ಹೆಂಗಸರು. ಊಟ ಮಾಡಿದವರು ಸಂಬಳವಾದ ಮೇಲೆ ತಿಂಗಳಿಗೊಮ್ಮೆ ದುಡ್ಡು ಕೊಡುತ್ತಿದ್ದರು. ಅಲ್ಲಿಯವರೆಗೆ ಅಕ್ಕಿ, ಹಿಟ್ಟು, ಎಣ್ಣೆಯನ್ನು ಕಿರಾಣಿ ಅಂಗಡಿಯಿಂದ ಉದ್ರಿ ತರಬೇಕು. ಉದ್ರಿ ತಂದವಳಿಗೆ ದರ ಕೇಳುವ ಬಾಯಿ ಇರುವುದಿಲ್ಲ. ಅದೂ ಸಾಲದಿದ್ದರೆ ಬಡ್ಡಿಯವನ ಹತ್ತಿರ ಮೈಮೇಲಿನ ಚಿನ್ನ ಹೋಗುತ್ತಿತ್ತು.

1975ರಲ್ಲಿ ಪ್ರೇಮಾ ಪುರವ್ ಎಂಬ ಕಾರ್ಮಿಕ ಸಂಘಟಕಿ ಈ ಹೆಂಗಸರನ್ನು ಸೇರಿಸಿ ಅನ್ನಪೂರ್ಣಾ ಮಹಿಳಾ ಮಂಡಲ ಕಟ್ಟಿದರು. ಅವರು ಗೋವಾ ವಿಮೋಚನೆಯ ಹೋರಾಟದಲ್ಲಿದ್ದವರು, ಮುಂದೆ ಪದ್ಮಶ್ರೀ ಪಡೆದವರು. ಮೊದಲು 14 ಮಂದಿ ಹೆಂಗಸರಿಗೆ ಬ್ಯಾಂಕ್ ಆಫ್ ಬರೋಡದಿಂದ ಸಣ್ಣ ಸಾಲ ಕೊಡಿಸಿದರು. ಬ್ಯಾಂಕುಗಳ ರಾಷ್ಟ್ರೀಕರಣವಾಗಿ ಆಗ ಆರು ವರ್ಷವಷ್ಟೇ ಆಗಿತ್ತು. ಅಡವು ಇಡಲು ಏನೂ ಇಲ್ಲದ ಹೆಂಗಸಿಗೆ ಬ್ಯಾಂಕು ಸಾಲ ಕೊಡುವುದು ದೊಡ್ಡ ಮಾತು. ಆ ಸಾಲದಿಂದ ಅವರು ಹೊಸ ವ್ಯಾಪಾರವನ್ನೇನೂ ಹಿಡಿಯಲಿಲ್ಲ, ಅದೇ ಒಲೆ, ಅದೇ ಕೋಣೆ. ಕೈಯಲ್ಲಿ ನಗದು ಬಂದರೆ ಕಿರಾಣಿಯವನ ಉದ್ರಿ ದರ ತಪ್ಪುತ್ತದೆ, ಬಡ್ಡಿಯವನು ತಪ್ಪುತ್ತಾನೆ. ಅವರ ಲಾಭ ಅಲ್ಲಿಂದ ಹುಟ್ಟಿತು.

ಊರಿನ ಅಂಗಡಿಗೂ ಪರೇಲ್‌ಗೂ ಏನು ಸಂಬಂಧ ಎಂದು ಕೇಳಬಹುದು. ನಮ್ಮ ಹಿರಿಯರು ಇಲ್ಲಿ ಹೋಟೆಲುಗಳಲ್ಲಿ ದುಡಿದು ಊರಿಗೆ ಮನಿಯಾರ್ಡರ್ ಕಳುಹಿಸುತ್ತಿದ್ದರು. ಅದು ತಲುಪುವವರೆಗೆ ಮನೆಯವರ ಹೊಟ್ಟೆ ತುಂಬಿಸಿದ್ದು ಊರಿನ ಅಂಗಡಿಯ ಕಡ. ಮನಿಯಾರ್ಡರ್ ಬಂದ ದಿನ ಅಂಗಡಿಯ ಲೆಕ್ಕ ಚುಕ್ತಾ. ಖಾನಾವಳಿಯವಳೂ ಊರಿನ ಅಂಗಡಿಯವರೂ ಕೂತದ್ದು ಒಂದೇ ಜಾಗದಲ್ಲಿ. ಒಂದು ಕಡೆ ಸರಕು ಕೊಟ್ಟವನಿಗೆ ದುಡ್ಡು ಕೊಡಬೇಕು, ಇನ್ನೊಂದು ಕಡೆ ಗಿರಾಕಿಯಿಂದ ದುಡ್ಡು ಬರಬೇಕು. ನಡುವಿನ ದಿನಗಳನ್ನು ದಾಟಲು ಬೇಕಾದ ಬಂಡವಾಳವೇ ಸಣ್ಣ ಸಾಲ.

ನಮ್ಮ ಕರಾವಳಿಗೆ ಈ ವಿದ್ಯೆ ಹೊಸದಲ್ಲ. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕಿನವರು ಪಿಗ್ಮಿ ಆರಂಭಿಸಿದರು. ದಿನಕ್ಕೆ ಎರಡಾಣೆಯನ್ನೂ ಏಜೆಂಟ್ ಮನೆಬಾಗಿಲಿಗೆ, ಅಂಗಡಿ ಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದರು. ಸಣ್ಣ ಅಂಗಡಿಯ ದುಡಿಮೆ ದಿನಲೆಕ್ಕದ್ದು, ಉಳಿತಾಯವೂ ದಿನಲೆಕ್ಕದ್ದೇ ಆಗಬೇಕು ಎಂಬ ತಿಳಿವಳಿಕೆ ಅದರಲ್ಲಿತ್ತು. 1982ರಲ್ಲಿ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಆರಂಭವಾಯಿತು. ಕರ್ನಾಟಕದಲ್ಲಿ ಮೈರಾಡಾ ಸಂಸ್ಥೆ ಕಟ್ಟಿದ ಸಣ್ಣ ಗುಂಪುಗಳ ಅನುಭವವನ್ನೂ ನೋಡಿ, 1992ರಲ್ಲಿ ನಬಾರ್ಡ್ ಸ್ವಸಹಾಯ ಸಂಘಗಳಿಗೆ ಬ್ಯಾಂಕಿನ ಜೋಡಣೆ ಮಾಡಿತು. 2000ದಲ್ಲಿ ಕರ್ನಾಟಕ ಸರಕಾರದ ಸ್ತ್ರೀಶಕ್ತಿ ಬಂತು. ಹತ್ತಿಪ್ಪತ್ತು ಮಂದಿ ಸೇರಿ ಮೊದಲು ಉಳಿಸುವುದು, ಆಮೇಲೆ ತಮ್ಮೊಳಗೆ ಸಾಲ ಕೊಡುವುದು, ಆಮೇಲೆ ಬ್ಯಾಂಕಿಗೆ ಹೋಗುವುದು. ಮುಂಬಯಿಯ ನಮ್ಮ ಭಿಶಿಗೆ ಪುಸ್ತಕ, ಠರಾವು, ಬ್ಯಾಂಕ್ ಖಾತೆ ಸೇರಿಸಿದರೆ ಹೇಗೋ ಹಾಗೆ.

ಈಗ ಅಂಗಡಿಯ ಒಳಗೆ ಹೋಗೋಣ. ಕಾರ್ಕಳದ ಕಡೆ ಒಂದು ಹಳ್ಳಿಯಲ್ಲಿ ನನ್ನ ಚಿಕ್ಕಮ್ಮನ ಅಂಗಡಿ ಉಂಟು. ಮೊದಲು ಗೂಡಂಗಡಿ: ಬೀಡಿ, ಬೆಂಕಿಪೆಟ್ಟಿಗೆ, ಬಾಳೆಹಣ್ಣು, ಮಿಠಾಯಿ. ವಾರಕ್ಕೊಮ್ಮೆ ಬಸ್ಸಿನಲ್ಲಿ ಪೇಟೆಗೆ ಹೋಗಿ ಕೈಯಲ್ಲಿ ಹಿಡಿಯುವಷ್ಟು ಸಾಮಾನು ತರುತ್ತಿದ್ದರು. ಸಂಘದಿಂದ 30,000 ರೂಪಾಯಿ ಸಾಲ ಸಿಗುತ್ತದೆ ಎಂದಾಗ ಮನೆಯಲ್ಲಿ ಎಲ್ಲರಿಗೂ ಒಂದೊಂದು ಆಸೆ. ಒಬ್ಬರಿಗೆ ಫ್ರಿಜ್, ಒಬ್ಬರಿಗೆ ಹೊಸ ಬೋರ್ಡು, ಇನ್ನೊಬ್ಬರಿಗೆ ಬೈಕಿನ ರಿಪೇರಿ. ಚಿಕ್ಕಮ್ಮ ಫೋನ್ ಮಾಡಿದರು. ನಾವಿಬ್ಬರೂ ಹಾಕಿದ ಲೆಕ್ಕವನ್ನು ನಿಮ್ಮ ಮುಂದೆ ಇಡುತ್ತೇನೆ. ಸುಲಭವಾಗಲಿ ಎಂದು ದುಂಡು ಅಂಕೆ ಹೇಳುತ್ತೇನೆ.

ವರ್ಷಕ್ಕೆ ನೂರಕ್ಕೆ 12 ಬಡ್ಡಿ, ಹನ್ನೆರಡು ಕಂತು ಎಂದಿಟ್ಟುಕೊಳ್ಳಿ. ಅಸಲು 30,000, ಬಡ್ಡಿ 3,600, ಒಟ್ಟು 33,600. ತಿಂಗಳ ಕಂತು 2,800. ಎಲ್ಲ ದುಡ್ಡಿಗೂ ಸರಕು ತಂದರೆ, ಜೀನಸಿನಲ್ಲಿ ನೂರು ರೂಪಾಯಿಗೆ ಸರಾಸರಿ 8 ರೂಪಾಯಿ ಉಳಿಯುತ್ತದೆ ಎನ್ನೋಣ. ಆ ಸರಕು ತಿಂಗಳಿಗೆ ಎರಡು ಸಲ ಖಾಲಿಯಾಗಿ ಎರಡು ಸಲ ತುಂಬಿದರೆ ಉಳಿಕೆ 4,800. ಕಂತು ಕಟ್ಟಿ 2,000 ಕೈಯಲ್ಲಿ ಉಳಿಯುತ್ತದೆ. ವರ್ಷದ ಕೊನೆಗೆ ಸಾಲ ತೀರಿ 30,000ದ ಸರಕು ಅವರದ್ದೇ ಆಗುತ್ತದೆ. ಅದೇ ಸರಕು ತಿಂಗಳಿಗೆ ಒಂದೇ ಸಲ ಖಾಲಿಯಾದರೆ ಉಳಿಕೆ 2,400. ಕಂತಿಗೆ 400 ಕಡಿಮೆ. ಆ 400 ಎಲ್ಲಿಂದ ಬರುತ್ತದೆ? ಸರಕಿನ ದುಡ್ಡಿನಿಂದ. ಅಂದರೆ ಅಂಗಡಿ ತನ್ನನ್ನೇ ತಿನ್ನಲು ಶುರು ಮಾಡುತ್ತದೆ.

ಮೂರನೆಯ ಲೆಕ್ಕವೂ ಉಂಟು. ಸರಕು ಬೇಗ ಹೋಗುತ್ತದೆ, ಆದರೆ 10,000 ರೂಪಾಯಿ ಕಡದ ಪುಸ್ತಕದಲ್ಲಿ ನಿಂತಿದೆ. ಆಗ ತಿರುಗುವುದು 20,000 ಮಾತ್ರ, ಉಳಿಕೆ 3,200. ಕಂತು ಕಟ್ಟಿದ ಮೇಲೆ 400 ರೂಪಾಯಿ. ಅದು ಬಸ್ಸಿನ ಚಾರ್ಜಿಗೆ ಸಾಕಾಗುವುದಿಲ್ಲ.

ನಾನು ಹೇಳಬೇಕೆಂದು ಬಂದದ್ದು ಇಷ್ಟೇ: ಸಾಲದ ದುಡ್ಡು ಅಂಗಡಿಯನ್ನು ಬೆಳೆಸುವುದಿಲ್ಲ, ಆ ದುಡ್ಡು ತಿರುಗುವ ವೇಗ ಬೆಳೆಸುತ್ತದೆ. ಬೋರ್ಡು ತಿರುಗುವುದಿಲ್ಲ. ಬೈಕಿಗೆ ಹಾಕಿದ ದುಡ್ಡೂ ಗಲ್ಲಕ್ಕೆ ಹಿಂದೆ ಬರುವುದಿಲ್ಲ. ಕುಚ್ಚಲಕ್ಕಿ, ಸಕ್ಕರೆ, ತೆಂಗಿನೆಣ್ಣೆ, ತರಕಾರಿ ತಿರುಗುತ್ತವೆ. ಜೂನ್‌ನಲ್ಲಿ ನೋಟ್‌ಪುಸ್ತಕ, ಮಳೆಗೆ ಮೊದಲು ಕೊಡೆ ತಿರುಗುತ್ತವೆ. ಚಿಕ್ಕಮ್ಮ ಮೊದಲ ವರ್ಷ ಫ್ರಿಜ್ ತರಲಿಲ್ಲ. ಅಕ್ಕಿ, ಸಕ್ಕರೆಯನ್ನು ಗೋಣಿಯ ಲೆಕ್ಕದಲ್ಲಿ ಸಗಟು ದರಕ್ಕೆ ತರಿಸಿದರು. ಫ್ರಿಜ್ ಬಂದದ್ದು ಎರಡನೆಯ ವರ್ಷ, ಉಳಿಕೆಯ ದುಡ್ಡಿನಲ್ಲಿ.

ಕಡ ಕೊಡುವುದೇ ಬೇಡ ಎಂದು ನಾವು ಇಲ್ಲಿ ಕುಳಿತು ಹೇಳುವುದು ಸುಲಭ. "ಇಂದು ನಗದು, ನಾಳೆ ಸಾಲ" ಎಂದು ಬೋರ್ಡು ಹಾಕಬಹುದು. ಆದರೆ ಹಳ್ಳಿಯಲ್ಲಿ ಕಡ ಕೊಡದ ಅಂಗಡಿಗೆ ಯಾರು ಬರುತ್ತಾರೆ? ಬೀಡಿ ಕಟ್ಟುವವರಿಗೆ ವಾರಕ್ಕೊಮ್ಮೆ ಮಜೂರಿ, ಮಳೆಗಾಲದಲ್ಲಿ ಕೂಲಿ ಕೆಲಸ ಕಡಿಮೆ. ಚಿಕ್ಕಮ್ಮ ಕಂಡುಕೊಂಡ ದಾರಿ ಏನೆಂದರೆ ಮನೆಗೊಂದು ಮಿತಿ. 500 ರೂಪಾಯಿ ದಾಟಿದರೆ ಹಳೆಯದು ಕೊಟ್ಟು ಹೊಸದು. ಅದನ್ನು ಎಲ್ಲರಿಗೂ ಒಂದೇ ತರ ಹೇಳಿದ್ದರಿಂದ ಯಾರಿಗೂ ಬೇಸರವಾಗಲಿಲ್ಲ. ಇನ್ನೊಂದು ಸೂಕ್ಷ್ಮವನ್ನೂ ಅವರೇ ಹೇಳಿದರು. ಸಂಘದ ಸದಸ್ಯರೇ ಅಂಗಡಿಯ ಗಿರಾಕಿಗಳು. ಸಂಘದ ಕಂತಿನ ದಿನ ಅವರ ಕೈಯ ದುಡ್ಡು ಮೊದಲು ಅಲ್ಲಿಗೆ ಹೋಗುತ್ತದೆ, ಅಂಗಡಿಯ ಬಾಕಿ ಮುಂದೆ ಹೋಗುತ್ತದೆ. ಹಾಗಾಗಿ ಸಭೆಯ ಹಿಂದಿನ ದಿನವೇ ಬಾಕಿ ಕೇಳಬೇಕು! ಇದು ಯಾವ ಎಂಟೆಕ್ ಪುಸ್ತಕದಲ್ಲೂ ಇಲ್ಲ.

ಬಡ್ಡಿಯ ಬಗ್ಗೆ ಒಂದು ಮಾತು. ಮೇಲೆ ಹೇಳಿದ ಲೆಕ್ಕದಲ್ಲಿ 12 ಎಂದದ್ದು ನಿಜವಾಗಿ 12 ಅಲ್ಲ. ತಿಂಗಳು ತಿಂಗಳು ಅಸಲು ತೀರುತ್ತಾ ಬಂದರೂ ಬಡ್ಡಿಯನ್ನು ಪೂರ್ತಿ 30,000ಕ್ಕೆ ಹಾಕಿದ್ದಾರೆ. ಇದಕ್ಕೆ ಫ್ಲಾಟ್ ಬಡ್ಡಿ ಎನ್ನುತ್ತಾರೆ. ಉಳಿದ ಬಾಕಿಯ ಮೇಲೆ ಲೆಕ್ಕ ಹಾಕಿದರೆ ಅದು ವರ್ಷಕ್ಕೆ ಸುಮಾರು 21.5 ಆಗುತ್ತದೆ. ಆದ್ದರಿಂದ "ಬಡ್ಡಿ ಎಷ್ಟು" ಎಂದು ಕೇಳಿದರೆ ಸಾಲದು, "ಫ್ಲಾಟೋ, ಇಳಿಯುವ ಬಾಕಿಯ ಮೇಲೋ" ಎಂದೂ ಕೇಳಬೇಕು. ರಿಸರ್ವ್ ಬ್ಯಾಂಕಿನ ನಿಯಮ 2022ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ವರ್ಷಕ್ಕೆ 3 ಲಕ್ಷದವರೆಗೆ ಆದಾಯವಿರುವ ಮನೆಗೆ ಕೊಡುವ ಕಿರುಸಾಲಕ್ಕೆ ಅಡವು ಕೇಳುವಂತಿಲ್ಲ. ಮನೆಯ ಎಲ್ಲ ಸಾಲಗಳ ತಿಂಗಳ ಕಂತು ಸೇರಿ ಆದಾಯದ ಅರ್ಧ ದಾಟಬಾರದು. ಅವಧಿಗೆ ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲ. ಬಡ್ಡಿ, ಶುಲ್ಕ ಎಲ್ಲವನ್ನೂ ಬರೆದ ಚೀಟಿ ಕೊಡಬೇಕು. ಬ್ಯಾಂಕಿಗೆ ನೇರ ಹೋಗುವುದಾದರೆ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000ದವರೆಗೆ ಅಡವಿಲ್ಲದೆ ಸಾಲ ಉಂಟು.

ಇಷ್ಟು ಯಾಕೆ ಒತ್ತಿ ಹೇಳುತ್ತೇನೆ ಎಂದರೆ, 2025ರ ಆರಂಭದಲ್ಲಿ ಕರ್ನಾಟಕದಿಂದ ಬಂದ ಸುದ್ದಿಗಳು ನಿಮಗೆ ನೆನಪಿರಬಹುದು. ವಸೂಲಿಯವರ ಕಾಟಕ್ಕೆ ಮನೆಗೆ ಬೀಗ ಹಾಕಿ ಊರು ಬಿಟ್ಟವರಿದ್ದರು, ಜೀವ ಕಳೆದುಕೊಂಡವರಿದ್ದರು. ಸರಕಾರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದು ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇಟ್ಟಿತು. ಕಾನೂನು ಬೇಕು. ಆದರೆ ಒಂದು ಕಂತು ಕಟ್ಟಲು ಇನ್ನೊಂದು ಕಡೆ ಸಾಲ, ಅದರ ಕಂತಿಗೆ ಮೂರನೆಯ ಕಡೆ ಸಾಲ ಎಂಬ ಸುಳಿಗೆ ಬೀಳುವ ಮೊದಲೇ ತಡೆಯುವವರು ಮನೆಯವರು, ನಾವು. ಮೊಬೈಲಿನಲ್ಲಿ ಐದು ನಿಮಿಷದಲ್ಲಿ ಸಾಲ ಕೊಡುವ ಆ್ಯಪ್‌ಗಳ ಬಗ್ಗೆ ಅದೇ ಕ್ಷೇತ್ರದಲ್ಲಿರುವ ನಾನು ಹೇಳುತ್ತೇನೆ: ಫೋಟೋ, ಫೋನ್ ನಂಬರುಗಳ ಪಟ್ಟಿಗೆ ಅನುಮತಿ ಕೇಳುವ ಸಾಲ ಬೇಡವೇ ಬೇಡ. ನಾಳೆ ಕಂತು ತಪ್ಪಿದರೆ ಆ ಪಟ್ಟಿಯೇ ಮರ್ಯಾದೆ ತೆಗೆಯುವ ಆಯುಧವಾಗುತ್ತದೆ.

ಕೊನೆಯದು ಮತ್ತು ನನಗೆ ಮುಖ್ಯವಾದದ್ದು. ಸಂಘದ ಸಾಲ ಹೆಂಗಸಿನ ಹೆಸರಿನಲ್ಲಿ ಬರುತ್ತದೆ. ಕಂತು ತಪ್ಪಿದರೆ ಸಭೆಯಲ್ಲಿ ತಲೆ ತಗ್ಗಿಸುವವಳೂ ಅವಳೇ. ಆದರೆ ಎಷ್ಟೋ ಮನೆಗಳಲ್ಲಿ ಗಲ್ಲ ತೆರೆಯುವ ಕೈ ಬೇರೆಯವರದ್ದು. ಸಹಿ ಅವಳದ್ದು, ತೀರ್ಮಾನ ಇನ್ನೊಬ್ಬರದ್ದು. ಬೈಕಿನ ವಿಷಯ ಎದ್ದಾಗ ಚಿಕ್ಕಮ್ಮ ಜಗಳ ಮಾಡಲಿಲ್ಲ. "ಸಾಲ ನನ್ನ ಹೆಸರಲ್ಲಿ ಉಂಟಲ್ಲ? ಹಾಗಾದರೆ ಗಲ್ಲದ ಕೀಲಿಕೈಯೂ ನನ್ನ ಹತ್ತಿರವೇ ಇರಲಿ" ಎಂದರಂತೆ. ಚಿಕ್ಕಪ್ಪ ಎರಡು ದಿನ ಮಾತಾಡಲಿಲ್ಲ, ಮೂರನೆಯ ದಿನ ಅವರೇ ಅಕ್ಕಿಯ ಗೋಣಿ ಇಳಿಸಿದರು. ಈಗ ಅಂಗಡಿಯ ಕ್ಯೂಆರ್ ಕೋಡ್ ಕೂಡ ಚಿಕ್ಕಮ್ಮನ ಖಾತೆಯದ್ದೇ. ದಿನದ ವ್ಯಾಪಾರ ಅವರ ಖಾತೆಯಲ್ಲಿ ದಾಖಲಾಗುತ್ತದೆ. ನಾಳೆ ಬ್ಯಾಂಕಿಗೆ ದೊಡ್ಡ ಸಾಲ ಕೇಳಲು ಹೋದರೆ ತೋರಿಸಲು ಅವರದ್ದೇ ಆದ ಲೆಕ್ಕ ಉಂಟು.

ಹಾಗಾಗಿ ಊರಿನಿಂದ ಫೋನ್ ಬಂದಾಗ ಐದು ಪ್ರಶ್ನೆ ಕೇಳಿ. ಈ ದುಡ್ಡಿಗೆ ಏನು ತರುತ್ತೀರಿ? ಅದು ಎಷ್ಟು ದಿನದಲ್ಲಿ ಖಾಲಿಯಾಗುತ್ತದೆ? ಕಡದ ಪುಸ್ತಕದಲ್ಲಿ ಈಗ ಎಷ್ಟು ನಿಂತಿದೆ? ಬೇರೆ ಎಲ್ಲೆಲ್ಲಿ ಕಂತು ಉಂಟು? ಗಲ್ಲದ ಕೀಲಿ ಯಾರ ಹತ್ತಿರ? ಐದಕ್ಕೂ ಉತ್ತರ ಸಿಕ್ಕರೆ ಧೈರ್ಯವಾಗಿ "ತೆಗೊಳ್ಳಿ" ಎನ್ನಿ. ಸಿಗದಿದ್ದರೆ ಮೂರು ತಿಂಗಳು ದಿನವೂ ವ್ಯಾಪಾರ ಬರೆದಿಡಲು ಹೇಳಿ, ವಾರಕ್ಕೊಮ್ಮೆ ಆ ಪುಟದ ಫೋಟೋ ವಾಟ್ಸಾಪಿಗೆ ತರಿಸಿಕೊಳ್ಳಿ. ಒಂದು ಸಲ ದುಡ್ಡು ಕಳುಹಿಸಿ ಕೈ ತೊಳೆದುಕೊಳ್ಳುವುದಕ್ಕಿಂತ ಅದು ಹೆಚ್ಚಿನ ಸಹಾಯ.

ಮತ್ತೆ, ಮೇ ತಿಂಗಳಲ್ಲಿ ಊರಿಗೆ ಹೋದಾಗ ಪೇಟೆಯ ಸೂಪರ್ ಮಾರ್ಕೆಟಿನಿಂದ ಕಾರು ತುಂಬಿಸಿಕೊಂಡು ಹೋಗಬೇಡಿ. ಮನೆಯ ಹತ್ತಿರದ ಅಂಗಡಿಯಿಂದಲೇ ತೆಗೆದುಕೊಳ್ಳಿ. ನಗದು ಕೊಡಿ.